ಇಪ್ಪತ್ತನಾಲ್ಕು ವರ್ಷಗಳ ನಂತರ ಊರಿಗೆ: ಇಬ್ನ್ ಬತೂತ ಮರಳಿ ಬಂದ ಕಥೆ

ಶಾಲೆಯ ಇತಿಹಾಸ ಪಾಠಗಳಲ್ಲಿ ಇಬ್ನ್ ಬತೂತನ ಹೆಸರು ಬರುವುದು ಸಾಮಾನ್ಯವಾಗಿ ಮುಹಮ್ಮದ್ ಬಿನ್ ತುಘಲಕನ ಅಧ್ಯಾಯದಲ್ಲಿ. ದೆಹಲಿಯ ಸುಲ್ತಾನನ ಬಗ್ಗೆ ಬರೆದಿಟ್ಟ ವಿದೇಶಿ ಪ್ರವಾಸಿ ಎಂಬಲ್ಲಿಗೆ ಆ ಮಾತು ಮುಗಿದುಹೋಗುತ್ತದೆ. ಅಷ್ಟು ದೇಶ ಸುತ್ತಿದ ಮನುಷ್ಯ ತನ್ನ ಊರಿಗೆ ಮರಳಿದಾಗ ಏನಾಯಿತು ಎಂಬುದನ್ನು ನಾವು ಮಕ್ಕಳಿಗೆ ಹೇಳುವುದು ಕಡಿಮೆ. ಆ ಭಾಗವೂ ತಿಳಿಯಬೇಕಾದುದೇ.

ಇಬ್ನ್ ಬತೂತ ಹುಟ್ಟಿದ್ದು 1304ರಲ್ಲಿ, ಮೊರೊಕ್ಕೊ ದೇಶದ ತಂಜಾ ಎಂಬ ಕಡಲತೀರದ ಊರಿನಲ್ಲಿ. ಅವನದು ಖಾಜಿಗಳ ಮನೆತನ. 1325ರ ಜೂನ್ ತಿಂಗಳಲ್ಲಿ, ಇಪ್ಪತ್ತೊಂದರ ಹರೆಯದಲ್ಲಿ, ಹಜ್ ಯಾತ್ರೆಗೆಂದು ಒಬ್ಬನೇ ಹೊರಟನು. ಆಗ ತಂದೆತಾಯಿ ಇಬ್ಬರೂ ಬದುಕಿದ್ದರು. ಮಕ್ಕಾ ತಲುಪಿದ ಮೇಲೆ ಊರಿಗೆ ಮರಳಬೇಕಾಗಿದ್ದವನು ಇರಾಕ್, ಇರಾನ್, ಪೂರ್ವ ಆಫ್ರಿಕದ ಕರಾವಳಿ, ಅನಾತೋಲಿಯಾ ಎಂದು ಮುಂದೆ ಮುಂದೆ ಸಾಗಿದನು. 1333ರಲ್ಲಿ ಸಿಂಧೂ ನದಿ ದಾಟಿ ಬಂದು ದೆಹಲಿಯಲ್ಲಿ ಖಾಜಿಯಾದನು. ಚೀನಾಕ್ಕೆ ರಾಯಭಾರಿಯಾಗಿ ಹೊರಟಾಗ ಕಲ್ಲಿಕೋಟೆಯ ಬಳಿ ಬಿರುಗಾಳಿಗೆ ಸಿಕ್ಕಿ ಹಡಗು ನಾಶವಾಯಿತು.

ಈ ಸಂದರ್ಭದಲ್ಲಿ ಅವನು ನಮ್ಮ ಹೊನ್ನಾವರದಲ್ಲೂ ಇದ್ದನು. ಅಲ್ಲಿನ ಸುಲ್ತಾನ ಜಮಾಲುದ್ದೀನನ ಆಶ್ರಯದಲ್ಲಿ ಹನ್ನೊಂದು ತಿಂಗಳು ರೊಟ್ಟಿ ಕಾಣದೆ ಅನ್ನವನ್ನೇ ಉಂಡದ್ದಾಗಿಯೂ, ಊಟದ ಕೊನೆಗೆ ಮಜ್ಜಿಗೆಯಂಥ ಹುಳಿ ಹಾಲು ಬಡಿಸುತ್ತಿದ್ದರೆಂದೂ ಹೇಳಿದ್ದಾನೆ. ಅದಕ್ಕಿಂತ ಮುಖ್ಯವಾದ ಮಾತೊಂದಿದೆ. ಆ ಊರಿನಲ್ಲಿ ಹುಡುಗಿಯರಿಗೆ 13, ಹುಡುಗರಿಗೆ 23 ಶಾಲೆಗಳಿದ್ದವು, ಹೆಂಗಸರು ಕುರ್‌ಆನನ್ನು ಬಾಯಿಪಾಠ ಮಾಡಿದ್ದರು, ಇಂಥದನ್ನು ಬೇರೆಲ್ಲೂ ಕಾಣಲಿಲ್ಲ ಎಂದು ಅವನು ದಾಖಲಿಸಿದ್ದಾನೆ.

1348ರಲ್ಲಿ ಅವನು ಡಮಾಸ್ಕಸ್ ನಗರಕ್ಕೆ ಮರಳಿದನು. ಹಿಂದೆ ಅಲ್ಲಿ ಬಿಟ್ಟುಹೋಗಿದ್ದ ಹೆಂಡತಿಗೆ ಮಗ ಹುಟ್ಟಿದ ಸುದ್ದಿ ಭಾರತದಲ್ಲಿದ್ದಾಗ ತಲುಪಿತ್ತು. ಈಗ ವಿಚಾರಿಸಿದರೆ ಆ ಮಗು ಸತ್ತು ಹನ್ನೆರಡು ವರ್ಷ ಕಳೆದಿತ್ತು. ತಂಜಾದವನೇ ಆದ ವಿದ್ವಾಂಸನೊಬ್ಬ ಅಲ್ಲಿನ ಮದರಸಾದಲ್ಲಿ ಸಿಕ್ಕಿದನು. ತಂದೆ ತೀರಿಕೊಂಡು ಹದಿನೈದು ವರ್ಷವಾಯಿತು, ತಾಯಿ ಮಾತ್ರ ಇದ್ದಾಳೆ ಎಂದು ಅವನಿಂದ ತಿಳಿಯಿತು. ಕಾಗದ ತಲುಪುವ ಭರವಸೆಯಿಲ್ಲದ ಆ ಕಾಲದಲ್ಲಿ ಮಗನ ಪಾಲಿಗೆ ತಂದೆ ಹದಿನೈದು ವರ್ಷ ಹೆಚ್ಚು ಬದುಕಿದ್ದನು!

ಅದೇ ವರ್ಷ ಪ್ಲೇಗ್ ಮಾರಿ ಸಿರಿಯಾ, ಈಜಿಪ್ಟ್ ದೇಶಗಳನ್ನು ನುಂಗುತ್ತಿತ್ತು. ಡಮಾಸ್ಕಸಿನಲ್ಲಿ ಜನರು ಮೂರು ದಿನ ಉಪವಾಸವಿದ್ದು, ಮುಸ್ಲಿಮರು, ಯಹೂದಿಗಳು, ಕ್ರೈಸ್ತರು ತಂತಮ್ಮ ಗ್ರಂಥಗಳನ್ನು ಹಿಡಿದು ಪ್ರಾರ್ಥನೆಗೆ ನಡೆದುಹೋದುದನ್ನು ಅವನು ಕಂಡನು. ಮತ್ತೊಮ್ಮೆ ಹಜ್ ಮುಗಿಸಿ, ಟ್ಯುನಿಸ್ ಮಾರ್ಗವಾಗಿ ಮೊರೊಕ್ಕೊದ ತಾಜಾ ಎಂಬ ಊರಿಗೆ ಬಂದಾಗ ತಾಯಿಯೂ ಅದೇ ಪ್ಲೇಗಿಗೆ ಬಲಿಯಾದ ಸುದ್ದಿ ಸಿಕ್ಕಿತು. 1349ರ ನವೆಂಬರಿನಲ್ಲಿ ರಾಜಧಾನಿ ಫೆಜ್‌ಗೆ ಬಂದು ಸುಲ್ತಾನನನ್ನು ಕಂಡನು. ಅನಂತರ ತಂಜಾಕ್ಕೆ ಹೋದದ್ದು ತಾಯಿಯ ಗೋರಿಯನ್ನು ಕಾಣಲಿಕ್ಕೆ. ಹೊರಟು ಇಪ್ಪತ್ತನಾಲ್ಕು ವರ್ಷಗಳಾಗಿದ್ದವು.

ಆಮೇಲೆಯೂ ಅವನು ಸ್ಪೇನಿನ ಗ್ರಾನಾಡಾಕ್ಕೂ, 1352ರಲ್ಲಿ ಸಹಾರಾ ಮರುಭೂಮಿ ದಾಟಿ ಮಾಲಿ ರಾಜ್ಯಕ್ಕೂ ಹೋಗಿಬಂದನು. ಬಳಿಕ ಸುಲ್ತಾನ ಅಬೂ ಇನಾನನು ಆತನ ಅನುಭವಗಳನ್ನು ಬರೆದಿಡಲು ಆಜ್ಞೆ ಮಾಡಿದನು. ಇಬ್ನ್ ಬತೂತ ಹೇಳುತ್ತ ಹೋದನು, ಇಬ್ನ್ ಜುಝಯ್ ಎಂಬ ವಿದ್ವಾಂಸ ಬರೆದುಕೊಂಡನು. 1355ರ ಡಿಸೆಂಬರಿನಲ್ಲಿ ಹೇಳಿ ಮುಗಿಸಿದ ಆ ಗ್ರಂಥವೇ ‘ರಿಹ್ಲಾ’.

ಊರವರು ನಂಬಿದರೇ? ಅದಕ್ಕೆ ಸಾಕ್ಷಿ ಮಹಾನ್ ಇತಿಹಾಸಕಾರ ಇಬ್ನ್ ಖಲ್ದೂನ್. ಭಾರತದ ಸುಲ್ತಾನನ ಸಂಪತ್ತಿನ ಬಗ್ಗೆ ಇವನು ಹೇಳಿದ್ದನ್ನು ಕೇಳಿ ಇದೆಲ್ಲ ಸುಳ್ಳೆಂದು ಜನ ಪಿಸುಗುಟ್ಟುತ್ತಿದ್ದರಂತೆ. ಇಬ್ನ್ ಖಲ್ದೂನನಿಗೂ ಸಂಶಯವಿತ್ತು. ಆಗ ವಜೀರ ಫಾರಿಸ್ ಒಂದು ಕಥೆ ಹೇಳಿದನು. ಸೆರೆಮನೆಯಲ್ಲೇ ಬೆಳೆದ ಹುಡುಗನೊಬ್ಬನಿಗೆ ಅವನ ತಂದೆ ಕುರಿ ಹೇಗಿರುತ್ತದೆಂದು ವಿವರಿಸಿದರೆ, ಅದು ಇಲಿಯಂತಿರುತ್ತದೆಯೇ ಎಂದು ಕೇಳಿದನಂತೆ. ಅವನು ಕಂಡ ಪ್ರಾಣಿ ಅದೊಂದೇ. ತಾನು ಕಾಣದ್ದೆಲ್ಲ ಸುಳ್ಳೆನ್ನುವವನ ಸ್ಥಿತಿಯೂ ಹೀಗೆಯೇ ಎಂಬುದು ವಜೀರನ ಮಾತಿನ ತಾತ್ಪರ್ಯ. ಹಾಗೆಂದು ಎಲ್ಲವನ್ನೂ ಕಣ್ಣುಮುಚ್ಚಿ ನಂಬಬೇಕಾಗಿಲ್ಲ. ವೋಲ್ಗಾ ತೀರದ ಬಲ್ಗಾರ್ ನಗರಕ್ಕೆ ಹೋದೆನೆಂಬ ಅವನ ಮಾತನ್ನು ಇಂದಿನ ವಿದ್ವಾಂಸರು ಒಪ್ಪುವುದಿಲ್ಲ. ಸಂಶಯಕ್ಕೂ ಪರಿಶೀಲನೆ ಬೇಕು, ನಂಬಿಕೆಗೂ ಬೇಕು.

ಕೊನೆಗಾಲದಲ್ಲಿ ಅವನು ಮೊರೊಕ್ಕೊದ ತಾಮಸ್ನಾ ಎಂಬ ಬಯಲುಸೀಮೆಯಲ್ಲಿ ಖಾಜಿಯಾಗಿದ್ದನೆಂದು ಒಂದು ಪತ್ರದಿಂದ ತಿಳಿದುಬರುತ್ತದೆ. ದೆಹಲಿಯ ಆಸ್ಥಾನ ಕಂಡವನು ಅಲ್ಲಿ ಜನರ ವ್ಯಾಜ್ಯಗಳನ್ನು ತೀರ್ಮಾನಿಸುತ್ತಿದ್ದನು. 1368–69ರ ಸುಮಾರಿಗೆ ತೀರಿಕೊಂಡನು. ಗ್ರಂಥದ ಪೂರ್ಣ ಅರಬಿ ಪಾಠ ಫ್ರೆಂಚ್ ಅನುವಾದದೊಡನೆ ಅಚ್ಚಾದದ್ದು 1853ರಿಂದ 1858ರ ನಡುವೆ, ಅಂದರೆ ಐದು ಶತಮಾನಗಳ ನಂತರ.

ವಿದ್ಯಾರ್ಥಿ ಮಿತ್ರರೇ, ನಮ್ಮ ಊರುಗಳಿಂದಲೂ ಅನೇಕರು ಗಲ್ಫ್ ದೇಶಗಳಿಗೆ ದುಡಿಯಲು ಹೋಗಿ ವರ್ಷಗಟ್ಟಲೆ ಇದ್ದು ಮರಳಿದ್ದಾರೆ. ದೂರದಲ್ಲಿದ್ದು ತಂದೆತಾಯಿಯ ಮಣ್ಣಿಗೆ ಬರಲಾಗದವರೂ ಅವರಲ್ಲಿದ್ದಾರೆ. ತಂದ ಸಾಮಾನಿನ ಬಗ್ಗೆ ಕೇಳುವಷ್ಟು ಕಂಡದ್ದರ ಬಗ್ಗೆ ನಾವು ಅವರನ್ನು ಕೇಳುತ್ತೇವೆಯೇ? ಮರಳಿ ಬಂದವನೊಬ್ಬ ಹೇಳಿದ್ದರಿಂದ, ಇನ್ನೊಬ್ಬ ಕುಳಿತು ಬರೆದದ್ದರಿಂದ, ಹೊನ್ನಾವರದ ಆ 36 ಶಾಲೆಗಳ ವಿಷಯ ಇಂದು ನಮಗೆ ಗೊತ್ತಿದೆ. ನಿಮ್ಮ ಮನೆಯ ಹಿರಿಯರ ಬಳಿ ಒಂದು ನೋಟುಪುಸ್ತಕ ಹಿಡಿದು ಕುಳಿತುಕೊಳ್ಳಿ.