ಮಕ್ಕಳ ರಾತ್ರಿಯುಡುಪು: ಬೆಂಕಿಯಿಂದ ವಿಷದವರೆಗೆ
1940ರ ದಶಕದಲ್ಲಿ ಅಮೆರಿಕದಲ್ಲಿ ಎಳೆ ಎದ್ದ ರೇಯಾನ್ ಬಟ್ಟೆಗೆ ಕಿಡಿ ತಾಗಿ ಅನೇಕ ಮಕ್ಕಳು ಸುಟ್ಟುಕೊಂಡರು. ಇದರಿಂದಾಗಿ 1953ರಲ್ಲಿ ಬೇಗ ಹೊತ್ತಿಕೊಳ್ಳುವ ಬಟ್ಟೆಗಳ ವಿರುದ್ಧ ಕಾಯ್ದೆ ಬಂತು. 1970ರ ದಶಕದ ಆರಂಭದಲ್ಲಿ ಮಕ್ಕಳ ರಾತ್ರಿಯುಡುಪಿಗೆಂದೇ ಇನ್ನೂ ಬಿಗಿಯಾದ ನಿಯಮ ಮಾಡಿದರು: ಕಿಡಿ ತಾಗಿದರೂ ಬಟ್ಟೆ ತಾನಾಗಿ ಆರಬೇಕು. ಅದಕ್ಕಾಗಿ ಹಲವು ತಯಾರಕರು ‘ಟ್ರಿಸ್’ ಎಂಬ ರಾಸಾಯನಿಕ ಬಳಸಿದರು.

ಒಂದು ಕಾಯಿಲೆಗೆ ಕೊಟ್ಟ ಮದ್ದು ಇನ್ನೊಂದನ್ನು ತರಬಹುದೆಂದು ಔಷಧ ವಿಭಾಗದ ನಾವು ಬಲ್ಲೆವು. ಇಲ್ಲೂ ಹಾಗೇ ಆಯಿತು. ಟ್ರಿಸ್‌ನಿಂದ ಕ್ಯಾನ್ಸರ್ ಬರಬಹುದೆಂದು 1977ರಲ್ಲಿ ಆರ್ಲೀನ್ ಬ್ಲಮ್ ಮತ್ತು ಬ್ರೂಸ್ ಏಮ್ಸ್ ಎಚ್ಚರಿಸಿದರು. ಅದೇ ಏಪ್ರಿಲ್‌ನಲ್ಲಿ ಅಲ್ಲಿನ ಗ್ರಾಹಕ ಸುರಕ್ಷತಾ ಆಯೋಗ ಅಂಥ ಉಡುಪುಗಳನ್ನು ನಿಷೇಧಿಸಿತು. ಅವನ್ನು ತೊಟ್ಟ ಮಕ್ಕಳ ಮೂತ್ರದಲ್ಲೂ ರಾಸಾಯನಿಕದ ಕುರುಹು ಸಿಕ್ಕಿತು.

ನಾವು ನೆನಪಿಡಬೇಕಾದ್ದು ಮುಂದಿನ ಸಂಗತಿ. ಅಲ್ಲಿ ಮಾರಲಾಗದ ಉಡುಪುಗಳು ಹೊರದೇಶಗಳಿಗೆ ಸಾಗಿದವು. ರಫ್ತಿಗೆ ತಡೆ ಬಿದ್ದದ್ದು 1978ರಲ್ಲಿ. ತಮ್ಮ ಮಕ್ಕಳಿಗೆ ಬೇಡವಾದದ್ದು ಬೇರೆಯವರ ಮಕ್ಕಳಿಗೆ ಸಾಕೆಂದ ವ್ಯಾಪಾರವದು.

ಬಿಗಿಯಾದ ಬಟ್ಟೆ ಕಿಡಿಗೆ ಸುಲಭವಾಗಿ ಸಿಗದು ಎಂದು 1996ರಲ್ಲಿ ಅಮೆರಿಕ ಮೈಗೊಪ್ಪುವ ಉಡುಪಿಗೆ ಆ ನಿಯಮದಿಂದ ವಿನಾಯಿತಿ ಕೊಟ್ಟಿತು. ಊರಿನ ಮಕ್ಕಳಿಗೆ ಬಟ್ಟೆ ಕೊಳ್ಳುವಾಗ ನಾವೂ ಬೆಲೆಯ ಜೊತೆ ಲೇಬಲ್ ಓದೋಣ. ಒಲೆ, ದೀಪ ಉರಿಯುವ ಮನೆಗೆ ಜೋಲಾಡುವ ನೈಟಿ ಬೇಡ.