ಕೊಂಡಿ ಮತ್ತು ಗುಂಡಿ

ಕಂಪ್ಯೂಟರ್ ಪರದೆಯ ಮೇಲೆ ನಾವು ಒತ್ತುವ ಜಾಗಗಳು ಮುಖ್ಯವಾಗಿ ಎರಡು ಬಗೆಯವು. ಒಂದು ಲಿಂಕ್, ಅಂದರೆ ಕೊಂಡಿ. ಇನ್ನೊಂದು ಪುಟಕ್ಕೆ ಕರೆದೊಯ್ಯುತ್ತದೆ, ಅಷ್ಟೇ. ಮತ್ತೊಂದು ಬಟನ್, ಅಂದರೆ ಗುಂಡಿ. ಅರ್ಜಿ ಸಲ್ಲಿಸುತ್ತದೆ, ಹಣ ಕಟ್ಟುತ್ತದೆ, ಇದ್ದದ್ದನ್ನು ಅಳಿಸುತ್ತದೆ. (ಅಂಗಿಯಲ್ಲೂ ಗುಂಡಿ, ರಸ್ತೆಯಲ್ಲೂ ಗುಂಡಿ, ಮೂರನೆಯದಕ್ಕೂ ನಾವು ಬೇರೆ ಹೆಸರು ಹುಡುಕಲಿಲ್ಲ.) ನೋಡುವುದು ಬೇರೆ, ಮಾಡುವುದು ಬೇರೆ ಎಂಬ ಈ ಭೇದ ವೆಬ್ಬಿಗಿಂತ ಹಳೆಯದು, ನಮ್ಮ ತಾಲ್ಲೂಕು ಕಚೇರಿಗಳಿಗೆ ಅದು ಚೆನ್ನಾಗಿ ಗೊತ್ತಿತ್ತು ಎಂಬುದು ನನ್ನ ವಾದ.

ಚನ್ನಗಿರಿ, ಹೊನ್ನಾಳಿಗಳು ಶಿವಮೊಗ್ಗದಿಂದಲೂ ಜಗಳೂರು ಚಿತ್ರದುರ್ಗದಿಂದಲೂ ಬಿಟ್ಟು ಬಂದು 1997ರಲ್ಲಿ ಹೊಸ ದಾವಣಗೆರೆ ಜಿಲ್ಲೆ ಸೇರಿದವು. ನ್ಯಾಮತಿ ಆಗ ಹೊನ್ನಾಳಿ ತಾಲ್ಲೂಕಿನೊಳಗೇ ಇತ್ತು. ಚನ್ನಗಿರಿಯ ಅಡಿಕೆ ತೋಟವಾಗಲಿ, ಜಗಳೂರಿನ ಒಣಭೂಮಿಯಾಗಲಿ, ಅದರ ಒಡೆತನ ನಿಂತಿದ್ದದ್ದು ಪಹಣಿಯ 9ನೇ ಕಲಮಿನ ಹೆಸರಿನ ಮೇಲೆ. ಪಹಣಿಯ ನಕಲು ಪಡೆದರೆ ದಾಖಲೆಗೆ ಏನೂ ಆಗದು. ಆದರೆ ಅಪ್ಪ ತೀರಿಕೊಂಡ ಮೇಲೆ ಪೌತಿ ಖಾತೆಗೆ ಅರ್ಜಿ ಹಾಕಿದರೆ ಆ ಹೆಸರೇ ಬದಲಾಗುತ್ತದೆ. ಅದಕ್ಕೇ ನೋಟಿಸು, ತಕರಾರಿಗೆ 30 ದಿನಗಳ ಅವಕಾಶ. ತಂಗಿಯ ಹೆಸರು ಬಿಟ್ಟು ಅರ್ಜಿ ಹಾಕಿದ ಅಣ್ಣನನ್ನು ಕೋರ್ಟು ಮೆಟ್ಟಿಲು ಹತ್ತದೆ ತಡೆಯಲು ಅವಳಿಗಿದ್ದ ಕಾಲ ಅದು.

2000ದ ಸುಮಾರಿಗೆ ಬಂದ ಭೂಮಿ ಯೋಜನೆ 67 ಲಕ್ಷ ರೈತರ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿತು. ಭೇದವನ್ನು ಅದು ಬಿಟ್ಟುಕೊಡಲಿಲ್ಲ. 15 ರೂಪಾಯಿ ಕೊಟ್ಟರೆ ಕಿಟಕಿಯಲ್ಲೇ ನಕಲು. ಖಾತೆ ಬದಲಾವಣೆಗೆ ಮಾತ್ರ ಸರದಿ, ನೋಟಿಸು, ಅಧಿಕಾರಿಯ ಬೆರಳಚ್ಚು. ಕಿಟಕಿಯಲ್ಲಿ ರೈತನತ್ತ ಮುಖ ಮಾಡಿದ ಇನ್ನೊಂದು ಪರದೆಯೂ ಇತ್ತು, ಒಳಗೆ ಏನು ನಡೆಯುತ್ತಿದೆ ಎಂದು ಅವನಿಗೂ ಕಾಣಲಿ ಎಂದು. ಇಡೀ ಯೋಜನೆಯಲ್ಲಿ ನನಗೆ ಅತ್ಯಂತ ಮೆಚ್ಚುಗೆಯಾದದ್ದು ಆ ಎರಡನೇ ಪರದೆ.

ವೆಬ್ ಲೋಕ ಇದೇ ಪಾಠವನ್ನು ಪೆಟ್ಟು ತಿಂದು ಕಲಿಯಿತು. 1993ರ ಮೊಸಾಯಿಕ್ ಬ್ರೌಸರ್ ನೀಲಿ ಬಣ್ಣದ, ಅಡಿಗೆರೆಯ ಕೊಂಡಿಗಳನ್ನು ಮನೆಮಾತಾಗಿಸಿತು. 1996ರಲ್ಲಿ ದಾಖಲಾದ ಎಚ್‌ಟಿಟಿಪಿ ನಿಯಮಗಳಲ್ಲಿ 'ಗೆಟ್' ಎಂಬ ಕೋರಿಕೆ ತರುವುದಕ್ಕಷ್ಟೇ, ಅದರಿಂದ ಬೇರೇನೂ ಆಗಕೂಡದು ಎಂಬ ತಿಳಿವಳಿಕೆಯಿತ್ತು. ಬದಲಾವಣೆಗೆ 'ಪೋಸ್ಟ್' ಇತ್ತು. ಆದರೂ ಎಷ್ಟೋ ತಂತ್ರಾಂಶಗಳಲ್ಲಿ 'ಅಳಿಸಿ' ಎಂಬುದು ಬರಿಯ ಕೊಂಡಿಯಾಗಿತ್ತು. 2005ರಲ್ಲಿ ಗೂಗಲ್ಲಿನ ವೆಬ್ ಆಕ್ಸಲರೇಟರ್ ಬಂತು. ಪುಟದ ಕೊಂಡಿಗಳನ್ನೆಲ್ಲ ಓದುಗ ಒತ್ತುವ ಮೊದಲೇ ತಾನೇ ತೆರೆದು ತಂದಿಟ್ಟುಕೊಳ್ಳುವುದು ಅದರ ಕೆಲಸ. ಅಳಿಸುವ ಕೊಂಡಿಗಳನ್ನೂ ತೆರೆಯಿತು. ಯಾರೂ ಮುಟ್ಟದೆಯೇ ಬ್ಯಾಕ್‌ಪ್ಯಾಕ್‌ನಂಥ ಸೇವೆಗಳಲ್ಲಿ ಬಳಕೆದಾರರ ಪುಟಗಳು ಮಾಯವಾದವು. ಆ ಜಾಗದಲ್ಲಿ 9ನೇ ಕಲಮು ಇದ್ದಿದ್ದರೆ?

ಕನ್ನಡಕ್ಕೆ ಬಂದಾಗ ತೊಡಕು ಇನ್ನೂ ಸೂಕ್ಷ್ಮ. ರೋಮನ್ ಲಿಪಿಗಾಗಿ ಹುಟ್ಟಿದ ಅಡಿಗೆರೆ ನಮ್ಮ ಒತ್ತಕ್ಷರಗಳನ್ನು ಅಡ್ಡಡ್ಡ ಕೊಯ್ಯುತ್ತದೆ; 'ಸಲ್ಲಿಸಿ'ಯ ಕೆಳಗಿನ ಲಕಾರವನ್ನೇ ನೋಡಿ. ಅದಕ್ಕಿಂತ ದೊಡ್ಡದು ವ್ಯಾಕರಣದ್ದು. 'ಅಳಿಸಿ' ಎಂದರೆ ದಯವಿಟ್ಟು ಅಳಿಸಿರಿ ಎಂಬ ವಿನಂತಿಯೂ ಹೌದು, ಅಳಿಸಿ ಮುಗಿದ ಮೇಲೆ ಎಂಬ ಭೂತ ಕೃದಂತವೂ ಹೌದು. 'ಅರ್ಜಿ ಸಲ್ಲಿಸಿ ಬಂದೆ' ಎನ್ನುವ ಊರಿನಲ್ಲಿ ಪರದೆಯ ಮೇಲೆ ಒಂಟಿಯಾಗಿ ನಿಂತ 'ಅರ್ಜಿ ಸಲ್ಲಿಸಿ' ಎಂಬ ಪದ ಆದದ್ದನ್ನು ಹೇಳುತ್ತಿದೆಯೋ, ಆಗಬೇಕಾದದ್ದನ್ನೋ? ಇಂಗ್ಲಿಷಿನ ಒಂದೇ ಪದದ ಪಟ್ಟಿ ಮುಂದಿಟ್ಟುಕೊಂಡು ಅನುವಾದಿಸುವವರಿಗೆ ಈ ಅನುಮಾನವೇ ಬರುವುದಿಲ್ಲ.

ಈಗ ನ್ಯಾಮತಿ ತಾನೇ ತಾಲ್ಲೂಕು; ಪಹಣಿ ಮೊಬೈಲಿನಲ್ಲೇ ಸಿಗುತ್ತದೆ, ಕಿಟಕಿಯ ಎರಡನೇ ಪರದೆಯ ಕೆಲಸವೂ ಅಂಗೈಯ ಈ ಒಂದೇ ಪರದೆಯ ಮೇಲೆ ಬಿದ್ದಿದೆ. ನನ್ನನ್ನು ಕೇಳಿದರೆ, ನೋಡುವ ಕಡೆ 'ಪಹಣಿ ನೋಟ' ಎಂಬ ಕೊಂಡಿ ಸಾಕು. ಖಾತೆ ಬದಲಿಸುವ ಕಡೆ ಗುಂಡಿಯ ಮೇಲೆ 'ಅರ್ಜಿ ಸಲ್ಲಿಸುತ್ತೇನೆ' ಎಂದು ಬರೆಯಬೇಕು, ಅದರ ಕೆಳಗೇ ತಕರಾರಿಗೆ ಎಷ್ಟು ದಿನ ಇದೆ ಎಂಬುದನ್ನೂ.