ಕಪಾಟಿನ ಮೇಲಿನ ಮನೆ

ನವರಾತ್ರಿಯಲ್ಲಿ ಗೊಂಬೆ ಕೂರಿಸುವ ಮನೆಗಳಲ್ಲಿ ಪಟ್ಟದ ಗೊಂಬೆಗಳ ಕೆಳಗಿನ ಮೆಟ್ಟಿಲುಗಳ ಮೇಲೆ ಪುಟ್ಟ ಗುಡಿ, ಪುಟ್ಟ ಅಂಗಡಿ, ಪುಟ್ಟ ಮನೆಗಳಿರುತ್ತವೆ. ಮನೆಯನ್ನು ಕಿರಿದಾಗಿಸಿ ಕಣ್ಣೆದುರು ಇಟ್ಟುಕೊಳ್ಳುವ ಆಸೆ ನಮ್ಮದೊಂದೇ ಅಲ್ಲ. ಅಮೆರಿಕದವರ ಕಪಾಟುಗಳ ಮೇಲೂ ಮರದ, ಪಿಂಗಾಣಿಯ ಪುಟ್ಟ ಮನೆಗಳುಂಟು. ಅವು 1776ಕ್ಕೆ ಹಿಂದಿನ, ಎಂದರೆ ಅಲ್ಲಿನ ವಸಾಹತು ಕಾಲದ, ಮನೆಗಳ ಪ್ರತಿರೂಪಗಳು.

ಅವುಗಳಲ್ಲೊಂದರ ಹೆಸರು 'ಸಾಲ್ಟ್‌ಬಾಕ್ಸ್', ಎಂದರೆ ಉಪ್ಪಿನ ಪೆಟ್ಟಿಗೆ. ಮುಂದೆ ಎರಡು ಅಂತಸ್ತು, ಹಿಂದೆ ಒಂದೇ. ಮಾಡು ಹಿಂಬದಿಯಲ್ಲಿ ಉದ್ದವಾಗಿ ಕೆಳಗಿಳಿದಿರುತ್ತದೆ. ಓರೆಮುಚ್ಚಳದ ಉಪ್ಪಿನ ಪೆಟ್ಟಿಗೆಯನ್ನು ಹೋಲುವುದರಿಂದ ಆ ಹೆಸರು. ನ್ಯೂ ಇಂಗ್ಲೆಂಡಿನ ವಲಸಿಗರು ಇದನ್ನು ಅಂದಕ್ಕೆಂದು ಕಟ್ಟಿದ್ದಲ್ಲ. ಸಂಸಾರ ಬೆಳೆದಾಗ ಹಿಂದಕ್ಕೊಂದು ಇಳಿಮಾಡಿನ ಭಾಗ ಸೇರಿಸಿದರು. ಚಳಿಗೆಂದು ನಡುಮನೆಯಲ್ಲಿ ಒಲೆ, ಅದರ ಮೇಲೆ ದೊಡ್ಡ ಹೊಗೆಗೂಡು. 1876ರ ಫಿಲಡೆಲ್ಫಿಯಾ ಪ್ರದರ್ಶನದ ತರುವಾಯ ಇಂಥ ಮನೆಗಳ ಮೇಲಿನ ಮೋಹ ಹಬ್ಬಿತು. 1926ರಿಂದ ರಾಕ್‌ಫೆಲರರ ಹಣದಲ್ಲಿ ವಿಲಿಯಮ್ಸ್‌ಬರ್ಗ್ ಪಟ್ಟಣವನ್ನೇ ಹಳೆಯ ರೂಪಕ್ಕೆ ತರತೊಡಗಿದರು. ಕಾರ್ಖಾನೆಗಳು ಬೆಳೆದ ನಾಡಿನಲ್ಲಿ ಹಳೆಯ ಮನೆ ಆಟಿಕೆಯಾಗಿ ಕಪಾಟನ್ನೇರಿತು.

ಆ ದಶಕದಲ್ಲೇ ಅಮೆರಿಕದ ಕಾರ್ಖಾನೆಯ ವಿದ್ಯೆ ನಮ್ಮ ಭದ್ರಾವತಿಗೂ ಬಂದಿತ್ತು. ವಿಶ್ವೇಶ್ವರಯ್ಯನವರ ಕನಸಿನ ಕಬ್ಬಿಣದ ಕಾರ್ಖಾನೆಗೆ ಸಲಹೆಗಾರರಾಗಿದ್ದವರು ನ್ಯೂಯಾರ್ಕಿನ ಎಂಜಿನಿಯರ್ ಸಿ. ಪಿ. ಪೆರಿನ್. 1923ರ ಜನವರಿಯಲ್ಲಿ ಕುಲುಮೆ ಹೊತ್ತಿತು. ಅದಕ್ಕೆ ಉಣಿಸಿದ್ದು ಕಲ್ಲಿದ್ದಲನ್ನಲ್ಲ, ಮಲೆನಾಡಿನ ಕಾಡುಮರದ ಇದ್ದಿಲನ್ನು.

ಅದೇ ಕಾಡಿನ ಮರ ನಮ್ಮ ಮನೆಗಳಿಗೆ ಕಂಬವಾಗಿ, ತೊಲೆಯಾಗಿ ನಿಂತಿತ್ತು. ಅಲ್ಲಿನ ಮನೆ ಚಳಿಗೆ ಹೊಂದಿಕೊಂಡಂತೆ ಇಲ್ಲಿನ ಮನೆ ಮಳೆಗೆ ಹೊಂದಿಕೊಂಡಿತು: ತಗ್ಗಿ ಇಳಿದ ಮಾಡು, ಅದರ ನೆರಳಿನ ಜಗಲಿ, ಬೆಳಕಿಗೊಂದು ತೊಟ್ಟಿ, ಫಸಲಿಗೊಂದು ಅಟ್ಟ. ಶಿವಮೊಗ್ಗದಲ್ಲಿ ಶಿವಪ್ಪನಾಯಕನ ಹೆಸರಿನ ಅರಮನೆಗೆ ಹೋದರೆ ಮರದ ಆ ಕಟ್ಟಡಗಾರಿಕೆಯ ಗಾಂಭೀರ್ಯ ಇಂದಿಗೂ ಕಾಣುತ್ತದೆ.

ಕಿರಿದಾಗಿಸುವ ಕೈಗಳೂ ಈ ಜಿಲ್ಲೆಯಲ್ಲಿವೆ. ಸೊರಬ, ಸಾಗರಗಳ ಗುಡಿಗಾರರ ಶ್ರೀಗಂಧದ ಕೆತ್ತನೆಯನ್ನು ರೈಸ್ 1897ರ ತಮ್ಮ ಗೆಜೆಟಿಯರಿನಲ್ಲೇ ಹೊಗಳಿದ್ದಾರೆ. ದೇವರ ಮಂಟಪವನ್ನು ಅವರು ಪುಟ್ಟದಾಗಿ ಕಡೆದರು. ಆದರೆ ರೈತನ ತೊಟ್ಟಿಮನೆಗೆ ಅಂಥ ಗೌರವ ಸಿಕ್ಕಿದ್ದು ಕಡಿಮೆ. ಈಗ ಅದನ್ನು ಬಿಚ್ಚಿದಾಗ ಕೆತ್ತನೆಯ ಕಂಬ, ಬಾಗಿಲುಗಳು ದೂರದ ನಗರಗಳಿಗೆ ಅಲಂಕಾರವಾಗಿ ಹೋಗುತ್ತವೆ. ಕಂಬ ಉಳಿಯುತ್ತದೆ; ಅದು ಏನನ್ನು ಹೊತ್ತಿತ್ತೆಂಬುದು ಮರೆತುಹೋಗುತ್ತದೆ.

ಗೊಂಬೆಯ ಮೆಟ್ಟಿಲಿಗೆ ಯಾರಾದರೂ ಒಂದು ಮಲೆನಾಡಿನ ಮನೆಯನ್ನು ಕಡೆಯುವುದಾದರೆ ಜಗಲಿಯನ್ನೂ ಅಟ್ಟವನ್ನೂ ಬಿಡದಿರಲಿ. "ಮಾಡು ಇಷ್ಟೇಕೆ ಇಳಿದಿದೆ?" ಎಂದು ಮಗುವೊಂದು ಕೇಳಿದರೆ, ಮಳೆಯ ಮಾತನ್ನು ಹೇಳಲು ನಮಗೊಂದು ಅವಕಾಶವಾದರೂ ಉಳಿದೀತು.